ಬಸ್ಸಿನ ಹಿಂದೆ ಒಂದು ಅಂಬಾಸಿಡರ್

ಕಳೆದ ಭಾನುವಾರ ನಮ್ಮವ್ವ ಮಂಡ್ಯದಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋದಳು. ಅದೇ ಬಸ್ಸಿನ ಹಿಂದೆ ನಮ್ಮಪ್ಪ ಅಂಬಾಸಿಡರ್ ಓಡಿಸಿಕೊಂಡು ಹೋದ. ಅಪ್ಪನ ಪಕ್ಕದಲ್ಲಿ ನಾನು. ಹಿಂದಿನ ಸೀಟು ಖಾಲಿ.

ನಗಬೇಡಿ. (ನಕ್ಕರೂ ತಪ್ಪಿಲ್ಲ. ಭಾನುವಾರ ಸಂಜೆಯವರೆಗೆ ನಾನೂ ನಗುತ್ತಲೇ ಇದ್ದೆ.)

ಮೂವರೂ ಹೊರಟಿದ್ದದ್ದು ಒಂದೇ ಮನೆಗೆ. ಮಳವಳ್ಳಿಯಲ್ಲಿ ಸೋದರತ್ತೆಯ ಮಗ ಹೊಸ ಮನೆ ಕಟ್ಟಿದ್ದ, ಗೃಹಪ್ರವೇಶ. ಅಪ್ಪ ಬೆಳಿಗ್ಗೆ ಏಳಕ್ಕೇ ಕಾರು ಒರೆಸಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಗೇಟಿನ ಮುಂದೆ ತಂದು ನಿಲ್ಲಿಸಿದ್ದ. ಅವ್ವ ರೇಷ್ಮೆ ಸೀರೆ ಉಟ್ಟು ಬ್ಯಾಗು ಹಿಡಿದು ಈಚೆ ಬಂದಳು. ಬಂದವಳೇ ಕಾರನ್ನು ಬಳಸಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದುಬಿಟ್ಟಳು.

"ಏ ಅವ್ವ, ಕಾರು ಇಲ್ಲೈತೆ" ಅಂದೆ.

"ಬಸ್ಸು ಫ್ರೀ ಐತಲ್ಲವ್ವ. ಸುಮ್ಕೆ ಪೆಟ್ರೋಲ್ ಯಾಕೆ ಸುಡ್ಬೇಕು? ನೀವು ಬನ್ನಿ."

ಕಾರು ಹೇಗೂ ಹೋಗುತ್ತದೆ. ಇವಳೊಬ್ಬಳು ಕೂತರೆ ಪೆಟ್ರೋಲ್ ಎಷ್ಟು ಹೆಚ್ಚು ಸುಟ್ಟೀತು? ಆದರೆ ಅವ್ವ ವಾದ ಕೇಳುವ ಪೈಕಿ ಅಲ್ಲ. ಬಸ್ಸು ಹತ್ತಿಯೇಬಿಟ್ಟಳು. ಅಪ್ಪ ಗೇರ್ ಹಾಕಿದ.

ಬಸ್ಸು ನಿಂತ ಕಡೆಯೆಲ್ಲ ನಾವೂ ನಿಂತೆವು. ಗೆಜ್ಜಲಗೆರೆ ಹತ್ತಿರ ಹಿಂದಿನಿಂದ ಒಂದು ಲಾರಿಯವನು ಹಾರನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದು ಬೈದು ಹೋದ. "ಮುಂದಕ್ಕೆ ಹೋಗಪ್ಪ, ಮರ್ಯಾದೆ ಹೋಗ್ತಾ ಇದೆ" ಅಂದೆ. "ಇರ್ಲಿ ಕಣವ್ವ, ಅವ್ಳು ಮುಂದೆ ಇರ್ಲಿ" ಅಂದ ಅಪ್ಪ. ಮದ್ದೂರಿನಲ್ಲಿ ಅವ್ವ ಇಳಿದು ಬಸ್ಸು ಬದಲಾಯಿಸಬೇಕಿತ್ತು. ಇಳಿದವಳು ವಡೆ ಕಟ್ಟಿಸಿಕೊಂಡು ನೇರ ನಮ್ಮ ಕಾರಿನ ಹತ್ತಿರ ಬಂದಳು. ಸದ್ಯ, ಬುದ್ಧಿ ಬಂತು ಅಂದುಕೊಂಡು ಹಿಂದಿನ ಬಾಗಿಲಿಗೆ ಕೈ ಹಾಕಿದೆ. ಅವ್ವ ಕಿಟಕಿಯಿಂದ ಪೊಟ್ಟಣ ಕೊಟ್ಟಳು. "ಬಿಸಿ ಐತೆ, ತಿನ್ನಿ" ಅಂದಳು. ಮಳವಳ್ಳಿ ಬಸ್ಸು ಹತ್ತಿದಳು.

ಸಿಟ್ಟಿದ್ದರೆ ಯಾರಾದರೂ ವಡೆ ತಂದುಕೊಡುತ್ತಾರಾ? ನನಗೆ ತಲೆಬುಡ ತಿಳಿಯಲಿಲ್ಲ.

ಈ ಕಾರಿನ ಪುರಾಣ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು.

ನಮ್ಮೂರು ಬೆಳಕವಾಡಿ ಪಕ್ಕ. ಅಪ್ಪ ಅಲ್ಲಿನ ದೊಡ್ಡಮನೆಯ ಯಜಮಾನರ ಹತ್ತಿರ ಮೂವತ್ತೊಂದು ವರ್ಷ ಡ್ರೈವರ್ ಆಗಿದ್ದವನು. ಯಜಮಾನರು ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ಆಲೆಮನೆ ಸೇರಿತು. ಆಲೆಮನೆಯಲ್ಲಿ ಬೆಲ್ಲ ಬೇಯಿಸುವುದು ನಿಂತು ಎಷ್ಟೋ ಕಾಲವಾಗಿತ್ತು, ಕಾರನ್ನು ನೋಡುವವರೂ ಇರಲಿಲ್ಲ. ಒಂದಲ್ಲ ಎರಡಲ್ಲ, ಇಪ್ಪತ್ತೊಂದು ವರ್ಷ ಅದು ಟಾರ್ಪಾಲಿನ ಕೆಳಗೆ ನಿಂತಿತ್ತು. ಅಪ್ಪ ಅವ್ವ ನನ್ನ ಜೊತೆ ಮಂಡ್ಯಕ್ಕೆ ಬಂದರೂ ಅಪ್ಪನ ಬಾಯಲ್ಲಿ ಆ ಗಾಡಿಯೇ. ಹೊಸ ಕಾರು ಯಾವುದು ತೋರಿಸಿದರೂ "ನಮ್ ಗಾಡಿ ಮುಂದೆ ಇದು ಬೆಂಕಿಪೊಟ್ಣ" ಅನ್ನುತ್ತಿದ್ದ.

ಹೋದ ವರ್ಷ ಊರಿಗೆ ಹೋದಾಗ ದೊಡ್ಡಮನೆಯ ಮೊಮ್ಮಗ ಸಿಕ್ಕಿದ. "ಗುಜರಿಗೆ ಆಕ್ಬೇಕು ಅಂತಿದ್ದೆ ಕಣಕ್ಕ. ನಿಮ್ಮಪ್ಪಂಗೆ ಬೇಕು ಅಂದ್ರೆ ಎತ್ಕಂಡೋಗಿ" ಅಂದ. ಅಪ್ಪ ಟಾರ್ಪಾಲು ಎತ್ತಿದ. ನಾಲ್ಕೂ ಟೈರು ನೆಲಕ್ಕೆ ಕೂತಿದ್ದವು. ವೈರುಗಳನ್ನೆಲ್ಲ ಇಲಿಗಳು ತಿಂದು ಮುಗಿಸಿದ್ದವು. ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದು ಅಪ್ಪನನ್ನು ನೋಡಿ ಗುರಾಯಿಸಿತೇ ಹೊರತು ಏಳಲಿಲ್ಲ. ಅಪ್ಪ ಬಾನೆಟ್ ಮೇಲೆ ಕೈ ಇಟ್ಟು ಹಾಗೇ ನಿಂತುಬಿಟ್ಟ. ಆಮೇಲೆ ಎಪ್ಪತ್ತಾರು ವರ್ಷದ ಮನುಷ್ಯ ಹೆಗಲ ಟವೆಲು ತೆಗೆದು ಅದರ ಧೂಳು ಒರೆಸತೊಡಗಿದ.

ಕೊಂಡುಬಿಟ್ಟೆ. ಯೋಚನೆ ಗೀಚನೆ ಏನೂ ಮಾಡಲಿಲ್ಲ. "ನಿಂಗೆ ತಲೆ ಕೆಟ್ಟಿದೆ" ಅಂದರು ನನ್ನ ಗಂಡ. ಇರಬಹುದು. ಜೀವಮಾನವೆಲ್ಲ ಇನ್ನೊಬ್ಬರ ಗಾಡಿ ತೊಳೆದ ಅಪ್ಪನಿಗೆ ಅದೇ ಗಾಡಿ ಕೊಡಿಸುವ ಯೋಗ ಎಷ್ಟು ಮಕ್ಕಳಿಗೆ ಸಿಗುತ್ತದೆ ಹೇಳಿ?

ಕಬ್ಬಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಮದ್ದೂರಿಗೆ ತಂದೆವು. ಅಲ್ಲಿ ಕೆಂಪರಾಜು ಅಂತ ಒಬ್ಬ ಹಳೇ ಮೆಕ್ಯಾನಿಕ್. ಇಂಥ ಗಾಡಿಗೆ ಕೈ ಹಾಕುವವರು ಈ ಕಡೆ ಇನ್ಯಾರೂ ಉಳಿದಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕಾರ್ ತಂದ್ಯೋ, ಕೋಳಿ ಗೂಡು ತಂದ್ಯೋ ತಾಯಿ?" ಅಂದ.

"ಎಷ್ಟು ದಿನ ಬೇಕು?"

"ಇಂಜಿನ್ನು ಜಾಮ್ ಆಗೈತೆ. ಪ್ಲಗ್ ಬಿಚ್ಚಿ ಎಣ್ಣೆ ಬುಟ್ಟು ಸುಮ್ಕೆ ಕೂತ್ಕಬೇಕು. ಅವಸರ ಮಾಡ್ಕಂಡು ತಿರುಗ್ಸುದ್ರೆ ಒಳಗೆ ಮುರೀತದೆ. ನಿಂಗೆ ಅವಸರ ಇದ್ರೆ ಸೋರೂಮ್‌ಗೆ ಓಗು."

ಅವಸರ ಇಲ್ಲ ಅಂದೆ. ಏಳು ತಿಂಗಳು ಹಿಡಿಯಿತು. ಎಣ್ಣೆ ಬಿಟ್ಟು ಮೂರು ವಾರ ಕಾದದ್ದೇ ಆಯಿತು, ಒಂದು ಬೆಳಿಗ್ಗೆ ಇಂಜಿನ್ ಕೂದಲೆಳೆಯಷ್ಟು ಅಲ್ಲಾಡಿತಂತೆ. ಅಪ್ಪ ಅಲ್ಲಿಂದಲೇ ಫೋನ್ ಮಾಡಿದ. ನಾನು ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದೆ. "ಅಲ್ಲಾಡ್ತು ಕಣವ್ವ" ಅಂದ, ಫೋನ್ ಇಟ್ಟ. ಪೆಟ್ರೋಲ್ ಟ್ಯಾಂಕಿನೊಳಗೆ ಜಲ್ಲಿ ಚೂರು ಹಾಕಿ ಕುಲುಕಿ ಕುಲುಕಿ ತುಕ್ಕು ಕಿತ್ತರು. ಬ್ರೇಕು ಪೂರ್ತಿ ಹೊಸದು, ವೈರಿಂಗ್ ಹೊಸದು. ಬಣ್ಣಕ್ಕೆ ಮಾತ್ರ ದೊಡ್ಡ ರಾಮಾಯಣ. ಗೆಜ್ಜಲಗೆರೆಯ ಪೇಂಟರ್ ನಾಲ್ಕು ಸಲ ಬಣ್ಣ ಕಲಸಿದ, ನಾಲ್ಕು ಸಲವೂ ಅಪ್ಪ ತಲೆ ಅಲ್ಲಾಡಿಸಿದ. ಕೊನೆಗೆ ಡಿಕ್ಕಿಯ ಒಳಗೆ ಸ್ಟೆಪ್ನಿ ಹಿಂದೆ ಅಂಗೈಯಗಲ ಹಳೇ ಬಣ್ಣ ಬಿಸಿಲು ಕಾಣದೆ ಹಾಗೇ ಉಳಿದಿದ್ದು ಸಿಕ್ಕಿತು. ಹಾಲಿಗೆ ಒಂದು ತೊಟ್ಟು ಕಾಫಿ ಬಿದ್ದ ಹಾಗಿನ ಬಣ್ಣ. ಅದನ್ನೇ ಹಾಕಿಸಿದೆವು.

ಆ ಏಳು ತಿಂಗಳೂ ಅಪ್ಪ ದಿನಾ ಬೆಳಿಗ್ಗೆ ಮದ್ದೂರಿಗೆ ಹೋಗುತ್ತಿದ್ದ. ಡ್ಯೂಟಿಗೆ ಹೋದ ಹಾಗೆ. ದಿನಾ ಅವ್ವ ಟಿಫನ್ ಕ್ಯಾರಿಯರ್ ಕಟ್ಟಿಕೊಡುತ್ತಿದ್ದಳು. ಕಾರು ಎಲ್ಲಿಗೆ ಬಂತು, ಏನಾಯಿತು ಅಂತ ಒಂದು ದಿನವೂ ಕೇಳಲಿಲ್ಲ. "ನೀನೂ ಒಂದ್ಸಲ ಬಾರವ್ವ, ನೋಡುವಂತೆ" ಅಂದರೆ "ನೋಡಿರೋ ಗಾಡಿ ತಾನೇ" ಅನ್ನುತ್ತಿದ್ದಳು. ಅವಳಿಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ ಅಂದುಕೊಂಡೆ. ಎಷ್ಟು ಸಲೀಸು ನೋಡಿ, ಹಾಗೆ ಅಂದುಕೊಳ್ಳುವುದು.

ಇಂಜಿನ್ ಮೊದಲು ಸ್ಟಾರ್ಟ್ ಮಾಡುವ ದಿನ ಕೆಂಪರಾಜು ಅಪ್ಪನನ್ನೇ ಸ್ಟೇರಿಂಗ್ ಮುಂದೆ ಕೂರಿಸಿದ. ಅಪ್ಪ ಕೀಲಿಕೈ ಹಿಡಿದು ನನ್ನ ಕಡೆ ನೋಡಿದ. "ತಗೀಲಾ ಕಣವ್ವ?" ಅಂದ.

"ನಿನ್ನ ಗಾಡಿ. ನನ್ನೇನು ಕೇಳ್ತೀಯಪ್ಪ?"

"ಕಾಗ್ದ ನಿನ್ನ ಎಸ್ರಲ್ಲಿ ಐತಲ್ಲ" ಅಂದ. ಆಮೇಲೆ ಕೆಂಪರಾಜು ಕಡೆ ತಿರುಗಿ ಹೆಮ್ಮೆಯಿಂದ ಹೇಳಿದ, "ಮೂವತ್ತೊಂದು ವರ್ಸ ಓಡ್ಸಿವ್ನಿ ರಾಜಣ್ಣ. ಕೀ ನಮ್ಮನೇಲೇ ಇರೋದು. ಒಂದಿನಾನೂ ಕೇಳ್ದೆ ಗಾಡಿ ಈಚೆಗೆ ತಗುದೋನಲ್ಲ ನಾನು."

ಈ ಮಾತು ನಮ್ಮ ಮನೆಯಲ್ಲಿ ಸಾವಿರ ಸಲ ಕೇಳಿದ್ದು. ಇದೇ ಅಂಕಣದಲ್ಲಿ ಮೂರು ವರ್ಷದ ಹಿಂದೆ ಅದರ ಮೇಲೆ ಬರೆದಿದ್ದೆ, ಕೆಲವರಿಗೆ ನೆನಪಿರಬಹುದು. ಕೀಲಿಕೈ ಸ್ವಂತ ಮನೆಯ ಮೊಳೆಯಲ್ಲಿ ನೇತಾಡುತ್ತಿದ್ದರೂ ಯಜಮಾನರ ಅಪ್ಪಣೆ ಇಲ್ಲದೆ ಗಾಡಿ ಮುಟ್ಟದ ಬಡ ಡ್ರೈವರ್. ಇಂಥ ಮನುಷ್ಯರು ಈಗೆಲ್ಲಿ ಅಂತ ಮುಗಿಸಿದ್ದೆ. ಎಷ್ಟು ಜನ ಮೆಚ್ಚಿಕೊಂಡಿರಿ. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೆ. ಅಪ್ಪ ಟವೆಲಿನಲ್ಲಿ ಕಣ್ಣು ಒರೆಸಿಕೊಂಡಿದ್ದ. ಅವ್ವ ಅರ್ಧದಲ್ಲಿ ಎದ್ದು, ಒಲೆ ಮೇಲೆ ಹಾಲಿದೆ ಅಂತ ಒಳಗೆ ಹೋಗಿದ್ದಳು.

ಕಾರು ಮನೆಗೆ ಬಂದ ದಿನ ಅವ್ವನೇ ಆರತಿ ಎತ್ತಿದಳು. ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟಳು, ಬಾನೆಟ್ಟಿಗೆ ಕುಂಕುಮ ಇಟ್ಟಳು. ಬೀದಿಯ ಜನರೆಲ್ಲ ಸರದಿ ಮೇಲೆ ಒಂದೊಂದು ರೌಂಡು ಹೋಗಿ ಬಂದರು. ಅವ್ವ ಹತ್ತಲಿಲ್ಲ. ಮೊದಲು ಮಂಡಿನೋವು ಅಂದಳು. ಆಮೇಲೆ ಕಾರಿನಲ್ಲಿ ಕೂತರೆ ವಾಂತಿ ಅಂದಳು. (ನನ್ನ ಗಂಡನ ಕಾರಿನಲ್ಲಿ ಧರ್ಮಸ್ಥಳದವರೆಗೆ ಹಾಯಾಗಿ ನಿದ್ದೆ ಮಾಡಿಕೊಂಡು ಹೋದವಳು ಇವಳೇ.) ಎರಡು ತಿಂಗಳಲ್ಲಿ ಹತ್ತಾರು ನೆಪ. ಕೊನೆಗೆ ಈ ಭಾನುವಾರದ ಬಸ್ಸು.

ಗೃಹಪ್ರವೇಶದಲ್ಲಿ ನೆಂಟರೆಲ್ಲ ಆಡಿಕೊಂಡರು. "ಏನ್ಲಾ, ಗಂಡ ಕಾರಲ್ಲಿ, ಹೆಂಡ್ತಿ ಬಸ್ಸಲ್ಲಿ" ಅಂತ ಅಪ್ಪನ ಭಾವಮೈದುನರು ಕಿಚಾಯಿಸಿದರು. ಅಪ್ಪ ತಲೆ ತಗ್ಗಿಸಿ ಊಟ ಮಾಡಿದ. ನನಗೆ ರೇಗಿಹೋಯಿತು. ಸಂಜೆ ಮನೆಗೆ ಬಂದು, ಅವ್ವ ಅಡುಗೆಮನೆಯಲ್ಲಿ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಮುಂದೆ ಹೋಗಿ ಕೂತೆ.

"ಏನವ್ವ ನಿನ್ನ ಹಟ? ಇಷ್ಟು ಆಸೆಪಟ್ಟು ತಂದಿದ್ದೀನಿ. ಅಪ್ಪನ ಮುಖ ನೋಡಕ್ಕಾಗಲ್ಲ. ಒಂದು ಸಲ ಕೂತರೆ ನಿನ್ನ ಗಂಟೇನು ಹೋಗ್ತದೆ?"

ಅವ್ವ ಕೈ ನಿಲ್ಲಿಸಲಿಲ್ಲ. ಕಾಳು ಹಿದುಕುತ್ತಲೇ ಹೇಳಿದಳು.

"ನಿನಗಿಂತ ಮೊದ್ಲು ಒಂದು ಮಗ ಇತ್ತು ಗೊತ್ತಲ್ಲ."

ಗೊತ್ತಿತ್ತು. 'ಉಳೀಲಿಲ್ಲ' ಅನ್ನುವಷ್ಟು ಗೊತ್ತಿತ್ತು. ಆ ಕಾಲದಲ್ಲಿ ಮನೆಗೊಂದು ಹಾಗೆ ಇರುತ್ತಿತ್ತು ಅಂತ ನಾನು ಅದರ ಮೇಲೆ ಇನ್ನೇನೂ ಕೇಳಿದವಳಲ್ಲ.

"ಬೆಳಗ್ಗೇನೇ ನೋವು ಬಂತು. ಸೂಲಗಿತ್ತಿ ನೋಡ್ಬುಟ್ಟು, ಕೂಸಿನ ಕಾಲು ಮುಂದಾಗೈತೆ, ಇದು ನನ್ನ ಕೈಲಾಗಲ್ಲ, ಮಳವಳ್ಳಿ ಆಸ್ಪತ್ರೆಗೆ ಎತ್ಕಂಡೋಗಿ ಅಂದ್ಳು. ಯಜಮಾನ್ರ ಮನೆಯೋರೆಲ್ಲ ರೈಲಲ್ಲಿ ತಿರುಪ್ತಿಗೆ ಓಗಿದ್ರು. ಗಾಡಿ ಸೆಡ್ಡಲ್ಲೇ ನಿಂತಿತ್ತು. ಕೀ ನಮ್ಮನೆ ಗ್ವಾಡೆ ಮೊಳೇಲಿತ್ತು. ನಾ ಮನಗಿದ್ದ ತಾವಿಂದ ಕಾಣ್ತಿತ್ತು."

ಅವ್ವ ಇನ್ನೊಂದು ಹಿಡಿ ಕಾಳು ಎತ್ತಿಕೊಂಡಳು.

"ನಿಮ್ಮಪ್ಪ ಸೈಕಲ್ ತಗಂಡು ಯಜಮಾನ್ರ ತಮ್ಮನ್ನ ಕೇಳಕ್ಕೆ ಓದ್ರು. ಅವ್ರು ಮನೇಲಿರ್ಲಿಲ್ಲ. ಗದ್ದೆ ತಾವ ಓಗಿ, ಅಲ್ಲೂ ಇಲ್ಲ ಅಂತ ನಾಲೆ ತಾವ ಓಗಿ, ಉಡುಕಿ ಕೇಳ್ಕಂಡು ಬರೋ ಅಷ್ಟೊತ್ಗೆ ಮಧ್ಯಾಹ್ನ ಆಗೋಗಿತ್ತು."

"ಅವರು ಏನಂದ್ರಂತೆ?"

"'ಇದ್ಕೂ ಕೇಳ್ಬೇಕೇನ್ಲಾ, ಮೊದ್ಲು ಓಗ್ಲಾ' ಅಂತ ಬೈದ್ರಂತೆ."

ಆಮೇಲೆ ಗಾಡಿ ಬಾಗಿಲಿಗೆ ಬಂತು. ಅಷ್ಟರಲ್ಲಿ ಮಗು ಹುಟ್ಟಿತ್ತು, ಉಸಿರಿರಲಿಲ್ಲ. ನೀನಾದರೂ ಆಸ್ಪತ್ರೆಗೆ ನಡಿ ಅಂತ ಎಲ್ಲರೂ ಎತ್ತಲು ಬಂದರಂತೆ. "ಇನ್ಯಾಕೆ ಅಂದೆ. ನಾ ಅವತ್ತೂ ಅದ್ರಲ್ಲಿ ಕೂರ್ಲಿಲ್ಲ" ಅಂದಳು ಅವ್ವ. ಹಿದುಕಿದ ಕಾಳನ್ನು ಪಾತ್ರೆಗೆ ಸುರಿದು, ಸಿಪ್ಪೆ ಬೇರೆ ಮಾಡಿದಳು.

ನಾನು ಅತ್ತೆ. ಅವ್ವ ಅಳಲಿಲ್ಲ. ಅವಳ ಅಳು ನಲವತ್ತೇಳು ವರ್ಷದ ಹಿಂದೆಯೇ ಮುಗಿದಿತ್ತೇನೋ.

"ಮತ್ತೆ ನಾನು ಅಪ್ಪನ ಮೇಲೆ ಬರೆದು ಓದಿದ್ನಲ್ಲ, ಅವತ್ತಾದರೂ ಹೇಳಬಾರದಿತ್ತಾ?"

"ಏನಂತ ಯೋಳದು? ನೀ ಬರ್ದಿದ್ರಲ್ಲಿ ಸುಳ್ಳೇನಿರ್ಲಿಲ್ವಲ್ಲ. ಚೆನ್ನಾಗೇ ಬರ್ದಿದ್ದೆ."

ಓದುಗರೇ, ಇಷ್ಟು ವರ್ಷ ಬರೆದಿದ್ದಕ್ಕೆ ಬಯ್ಗುಳ ತಿಂದಿದ್ದೇನೆ, ಒಂದೆರಡು ಸಲ ಬೆದರಿಕೆಯೂ ಬಂದಿದೆ. ಯಾವುದೂ ಹೀಗೆ ತಾಗಿರಲಿಲ್ಲ. ಊರಿನ ಒಳ್ಳೆಯ ಮನುಷ್ಯನ ಬಗ್ಗೆ ಪುಟ ತುಂಬ ಬರೆದೆ, ಆ ಒಳ್ಳೆಯತನ ನಡೆದ ಮನೆಯಲ್ಲೇ ಇದ್ದ ಹೆಂಗಸನ್ನು ಒಂದು ಮಾತು ಕೇಳಲಿಲ್ಲ. ಕಾರಿಗೂ ಹಾಗೇ ಮಾಡಿದೆ. ಮೆಕ್ಯಾನಿಕ್ಕನ್ನು ಕೇಳಿದೆ, ಪೇಂಟರನ್ನು ಕೇಳಿದೆ, ಸೀಟ್ ಹೊಲಿಯುವವನನ್ನೂ ಕೇಳಿದೆ. ಟಿಫನ್ ಕ್ಯಾರಿಯರ್ ಕಟ್ಟುತ್ತಿದ್ದವಳನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ.

"ಮಾರಿಬಿಡ್ತೀನಿ ಅವ್ವ" ಅಂದೆ.

"ಸುಮ್ಕಿರು. ಮಾರ್ಬ್ಯಾಡ. ಅವರು ಒರುಸ್ಕಂಡು ತೊಳ್ಕಂಡು ಇರ್ಲಿ, ಆ ಮನ್ಸಂಗೆ ಇನ್ನೇನೈತೆ? ನಂಗೆ ಕೂತ್ಕೊ ಅಂತ ಮಾತ್ರ ಅನ್ಬ್ಯಾಡ."

ಮಾರನೇ ದಿನ ಅಪ್ಪನ ಹತ್ತಿರ ಜಗಳ ಆಡಲೇಬೇಕು ಅಂತ ಹೋದೆ. ಅಪ್ಪ ಕಾರಿನ ಗಾಜು ಒರೆಸುತ್ತಿದ್ದ. ನನ್ನ ಮುಖ ನೋಡಿದವನಿಗೆ ಗೊತ್ತಾಯಿತು.

"ಯೋಳುದ್ಲಾ?" ಅಂದ.

"ಹೇಳಿದಳು."

ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದ. ಒರೆಸಿದ ಗಾಜನ್ನೇ ಒರೆಸಿದ.

"ಕೀ ಕೈಗೆತ್ಕಂಡಿದ್ದೆ ಕಣವ್ವ. ತಿರ್ಗ ಮೊಳೆಗೆ ತಗುಲಾಕ್ಬುಟ್ಟೆ."

"ಯಾಕಪ್ಪ?"

"ಕೇಳ್ದೆ ತಗುದು ಅಭ್ಯಾಸ ಇರ್ಲಿಲ್ವಲ್ಲ."

ಇದಕ್ಕೆ ಹೇಗೆ ಜಗಳ ಆಡುವುದು? ಅಪ್ಪನನ್ನು ಕೆಟ್ಟವನು ಅನ್ನಲು ನನಗೆ ಬಾಯಿ ಬರಲಿಲ್ಲ. ದೊಡ್ಡಮನೆಯವರನ್ನಾದರೂ ಬೈಯೋಣ ಅಂದರೆ ಅವರು ಬೇಡ ಅಂದವರೇ ಅಲ್ಲ. ಯಾರೂ ಕಟ್ಟದ ಹಗ್ಗವನ್ನು ಅಪ್ಪ ತಾನೇ ಕೊರಳಿಗೆ ಕಟ್ಟಿಕೊಂಡಿದ್ದ. ಅದನ್ನೇ ಆಮೇಲೆ ಸಾವಿರ ಸಲ ಹೆಮ್ಮೆಯ ಮಾತಾಗಿ ಹೇಳಿಕೊಂಡ. ಹೇಳಿಕೊಳ್ಳದೆ ಹೋಗಿದ್ದರೆ ಅವನು ಅವ್ವನ ಜೊತೆ ಒಂದೇ ಸೂರಿನ ಕೆಳಗೆ ಬದುಕುವುದಾದರೂ ಹೇಗಿತ್ತು? ಪ್ರತಿ ಸಲ ಅವನು ಆ ಮಾತು ಆಡಿದಾಗಲೂ ಅವ್ವ ಅಲ್ಲೇ ಎಲ್ಲೋ ಸಾರು ತಿರುವುತ್ತಾ ಇರುತ್ತಿದ್ದಳು.

ನಮ್ಮ ಕಡೆ ಇಂಥ ಮನೆಗಳು ಎಷ್ಟಿಲ್ಲ? ನಿಯತ್ತಿನ ಆಳು, ನಿಯತ್ತಿನ ಗುಮಾಸ್ತ, ರಜೆ ಹಾಕದ ಮೇಷ್ಟ್ರು. ಹೆಂಡತಿಗೆ ಜ್ವರ ಬಂದ ದಿನವೂ ಡ್ಯೂಟಿ ಬಿಡಲಿಲ್ಲ ಅಂತ ಬೀಳ್ಕೊಡುಗೆ ಸಮಾರಂಭದಲ್ಲಿ ಭಾಷಣ ಮಾಡಿ ಶಾಲು ಹೊದಿಸುತ್ತೇವೆ. ಆ ಜ್ವರದಲ್ಲಿ ಮಲಗಿದ್ದವಳು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಅವಳ ಕೈಗೆ ಮೈಕು ಕೊಟ್ಟಿದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ಇರಲಿ. ಈ ಬುಧವಾರದ ಮಾತು ಹೇಳಿ ಮುಗಿಸುತ್ತೇನೆ.

ಅವ್ವನಿಗೆ ಕಣ್ಣಿನ ಪೊರೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಆಟೋಗೆ ಹೇಳಿದ್ದೆ. ಸಾಮಾನ್ಯವಾಗಿ ಅಪ್ಪ ದಿನಾ ಬೆಳಿಗ್ಗೆ ಕೀಲಿಕೈ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾನೆ. "ಗಾಡಿ ತಗೀಲಾ?" ಅಂತ ಕೇಳಿ, ನಾನು ಹೂಂ ಅಂದ ಮೇಲೆಯೇ ಸ್ಟಾರ್ಟ್ ಮಾಡುವುದು. ಎಷ್ಟು ಸಲ ಬೈದರೂ ಬಿಟ್ಟಿರಲಿಲ್ಲ. ಬುಧವಾರ ಬರಲಿಲ್ಲ. ನಾನು ಅವ್ವನ ಹಳೇ ಚೀಟಿಗಳನ್ನು ಹುಡುಕುತ್ತಿದ್ದಾಗ ಹೊರಗೆ ಇಂಜಿನ್ ಸದ್ದು ಕೇಳಿಸಿತು.

ಅವ್ವನ ಕೈ ಹಿಡಿದುಕೊಂಡು ಈಚೆ ಬಂದೆ. ಆಟೋ ಬಂದು ನಿಂತಿತ್ತು. ಅದರ ಮುಂದೆ ಅಂಬಾಸಿಡರ್. ಅಪ್ಪ ಇಳಿದು ಬಂದು, ಹಿಂದಿನ ಬಾಗಿಲು ತೆಗೆದು, ಅದನ್ನು ಹಿಡಿದುಕೊಂಡು ಪಕ್ಕಕ್ಕೆ ನಿಂತಿದ್ದ. ದೊಡ್ಡಮನೆಯ ಯಜಮಾನಿತಿಗೆ ಮೂವತ್ತೊಂದು ವರ್ಷ ಹೀಗೇ ಹಿಡಿದಿದ್ದನಂತೆ. ಸ್ವಂತ ಹೆಂಡತಿಗೆ ಇದೇ ಮೊದಲು.

ಅವ್ವ ನಿಂತಳು. ಪೊರೆ ಬಂದ ಕಣ್ಣು ಕಿರಿದು ಮಾಡಿ ಕಾರು ನೋಡಿದಳು, ಅಪ್ಪನನ್ನು ನೋಡಿದಳು.

"ಇವತ್ತು ಯಾರ್ನ ಕೇಳಿ ತಗುದ್ರಿ?" ಅಂದಳು.

ಅಪ್ಪ ಬಹಳ ಮೆಲ್ಲಗೆ, "ಯಾರ್ನೂ ಕೇಳ್ಲಿಲ್ಲ ಕಣಮ್ಮಿ" ಅಂದ.

ಅವ್ವ ಅವನ ಹತ್ತಿರ ಹೋದಳು. ಹತ್ತುತ್ತಾಳೆ ಅಂತಲೇ ನಾನು ಅಂದುಕೊಂಡೆ. ಹೋಗಿ, ಅವನ ಶರ್ಟಿನ ತೋಳಿಗೆ ಹತ್ತಿದ್ದ ಧೂಳನ್ನು ಕೈಯಲ್ಲಿ ಕೊಡವಿದಳು.

"ಕಲ್ತ್ರಲ್ಲ, ಬುಡಿ" ಅಂದಳು. ತಿರುಗಿ ಬಂದು ಆಟೋ ಹತ್ತಿದಳು.

ಅಪ್ಪ ಬಾಗಿಲು ಹಾಕಲಿಲ್ಲ. ಆಟೋ ಬೀದಿ ತಿರುಗುವವರೆಗೂ ಹಾಗೇ ಹಿಡಿದುಕೊಂಡು ನಿಂತಿದ್ದ. ನಾನು ಅವ್ವನ ಪಕ್ಕದಲ್ಲಿ ಕೂತು ಹಿಂದೆ ತಿರುಗಿ ನೋಡುತ್ತಲೇ ಇದ್ದೆ. ಅವ್ವ ತಿರುಗಲಿಲ್ಲ.

ಕೇಳದೆ ಒಂದು ಬಾಗಿಲು ತೆಗೆಯುವುದನ್ನು ಕಲಿಯಲು ಒಬ್ಬ ಒಳ್ಳೆಯ ಗಂಡಸಿಗೆ ನಲವತ್ತೇಳು ವರ್ಷ ಬೇಕಾ?